ಅಟ್ಟ ಹತ್ತಿ ಇಳಿದು ಬಂದ ಮೆಷಿನ್ನು

ನಮ್ಮ ಮನೇಲಿ ಗೊರಕೆ ಅನ್ನೋದು ಕಾಯಿಲೆ ಅಲ್ಲ, ಪಿತ್ರಾರ್ಜಿತ ಆಸ್ತಿ. ತಾತ ಜಗಲಿ ಮೇಲೆ ಮಲಗಿದರೆ ಬೀದಿ ಕೊನೆಯ ಮನೆಯವರಿಗೂ ಕೇಳಿಸುತ್ತಿತ್ತಂತೆ. ‘ನಿಮ್ಮ ತಾತ ಇರೋವರೆಗೂ ಈ ಬೀದಿಗೆ ಕಳ್ಳ ಕಾಲಿಡಲಿಲ್ಲ ಕಣೋ’ ಅಂತ ಊರಲ್ಲಿ ಈಗಲೂ ತಮಾಷೆ ಮಾಡುತ್ತಾರೆ. ಅಪ್ಪ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿದ್ದವರು. ಮಧ್ಯಾಹ್ನ ಊಟ ಆದಮೇಲೆ ಅವರು ಕುರ್ಚಿಯಲ್ಲೇ ಕಣ್ಣು ಮುಚ್ಚಿದರೆ ಪಕ್ಕದ ಎಂಟನೇ ಕ್ಲಾಸಿನ ಹುಡುಗರು ಮುಸಿಮುಸಿ ನಗುತ್ತಿದ್ದರು. ಆ ಕ್ಲಾಸಲ್ಲಿ ನಾನೂ ಇದ್ದೆ. ಹಾಗಾಗಿ ಮದುವೆಯಾದ ಮೂರನೇ ತಿಂಗಳಿಗೆ ನನ್ನ ಹೆಂಡತಿ ದಿಂಬು, ಹೊದಿಕೆ ಎತ್ತಿಕೊಂಡು ಹಾಲ್‌ಗೆ ಹೋದಾಗ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ಕುಂಭಕರ್ಣನ ವಂಶ, ಏನು ಮಾಡೋಕಾಗುತ್ತೆ ಅಂತ ಮಗ್ಗುಲು ಬದಲಿಸಿ ಮಲಗಿದೆ.

ಹಗಲಿನ ಕತೆ ಬೇರೆ. ಎಂಟು ಗಂಟೆ ಮಲಗಿದ್ದರೂ ಬೆಳಿಗ್ಗೆ ತಲೆ ಭಾರ, ರಾತ್ರಿಯಿಡೀ ಮೂಟೆ ಹೊತ್ತವನ ಹಾಗೆ ಮೈಕೈ ನೋವು. ಹತ್ತು ಗಂಟೆಯ ಸ್ಟ್ಯಾಂಡಪ್ ಮೀಟಿಂಗಲ್ಲಿ ಕ್ಯಾಮೆರಾ ಆಫ್. ಮಧ್ಯಾಹ್ನದ ಮೇಲೆ ಕೋಡ್ ರಿವ್ಯೂಗೆ ಕೂತರೆ ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಒಂದು ಸಲ ಟೆಸ್ಟಿಂಗಿಗೆ ಹೋಗಬೇಕಿದ್ದ ಫೈಲನ್ನು ನೇರ ಪ್ರೊಡಕ್ಷನ್‌ಗೆ ಹಾಕಿ ಎರಡು ಗಂಟೆ ಎಲ್ಲರ ಕೈಲೂ ಬೈಸಿಕೊಂಡೆ. ಕೆಲಸದ ಒತ್ತಡ ಅಂದುಕೊಂಡೆ. ಐಟಿಯಲ್ಲಿರೋರಿಗೆ ಅದೊಂದು ಅನುಕೂಲ, ಏನಾದರೂ ಒತ್ತಡದ ತಲೆಗೆ ಕಟ್ಟಬಹುದು.

2023ರ ಆಗಸ್ಟ್. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿಗೆ ಹೋಗಿ ಭಾನುವಾರ ಸಂಜೆ ವಾಪಸ್ ಬರುತ್ತಿದ್ದೆವು. ಹೆಂಡತಿಗೆ ಆಗ ನಾಲ್ಕನೇ ತಿಂಗಳು. ಯಡಿಯೂರಲ್ಲಿ ನಿಲ್ಲಿಸಿ ಕಾಫಿ ಕುಡಿದಿದ್ದೆ. ಕುಣಿಗಲ್ ದಾಟಿದ್ದು ನೆನಪಿದೆ. ಆಮೇಲೆ ನೆನಪಿರೋದು ಅವಳ ಕಿರುಚು, ಬಲಗಡೆ ಡಿವೈಡರ್ ಕನ್ನಡಿಗೆ ತಾಗುವಷ್ಟು ಹತ್ತಿರ, ನನ್ನ ಕೈ ಮೇಲೆ ಸ್ಟೀರಿಂಗ್ ಹಿಡಿದಿದ್ದ ಅವಳ ಕೈ. ಎರಡು ಸೆಕೆಂಡ್ ಇರಬಹುದು. ಗಾಡಿ ಪಕ್ಕಕ್ಕೆ ಹಾಕಿ ಇಬ್ಬರೂ ಸುಮ್ಮನೆ ಕೂತೆವು. ಅವಳು ಬೈಯಲಿಲ್ಲ. ಇಳಿದು, ಈ ಕಡೆ ಬಂದು, ‘ಕೀ ಕೊಡು’ ಅಂದಳು. ನೆಲಮಂಗಲದಿಂದ ಮನೆವರೆಗೂ ಅವಳೇ ಓಡಿಸಿದಳು.

ಆ ವಾರ ಅವಳು ಹಾಲ್‌ನಿಂದ ವಾಪಸ್ ಬಂದು ನನ್ನ ಪಕ್ಕ ಎಚ್ಚರವಾಗಿದ್ದು ಮೊಬೈಲಲ್ಲಿ ವಿಡಿಯೋ ಮಾಡಿದಳು. ಬೆಳಿಗ್ಗೆ ಕಾಫಿ ಜೊತೆ ನನ್ನ ಮುಂದೆ ಇಟ್ಟಳು. ಗೊರಕೆ ಏರುತ್ತಾ ಏರುತ್ತಾ ಹೋಗಿ ಪಟ್ಟನೆ ನಿಲ್ಲುತ್ತೆ. ಹೊಟ್ಟೆ ಎದ್ದೆದ್ದು ಬೀಳುತ್ತಿದೆ, ಆದರೆ ಉಸಿರಿನ ಸದ್ದಿಲ್ಲ. ಕೆಳಗೆ ಸೆಕೆಂಡುಗಳು ಓಡುತ್ತಿವೆ. 27ನೇ ಸೆಕೆಂಡಿಗೆ ಬಾವಿ ನೀರಿಂದ ತಲೆ ಎತ್ತಿದವನ ಹಾಗೆ ಗೊಕ್ ಅಂತ ಉಸಿರೆಳೆದು, ಮತ್ತೆ ಗೊರಕೆ. ಅದು ನಾನು ಅಂತ ನಂಬೋಕೇ ಕಷ್ಟವಾಯಿತು.

ಟೆಸ್ಟ್ ಮನೆಯಲ್ಲೇ ಆಯಿತು. ಎದೆಗೆ ಒಂದು ಬೆಲ್ಟ್, ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ಟ್ಯೂಬ್. ರಿಪೋರ್ಟಲ್ಲಿ ಎಎಚ್‌ಐ ಅಂತ ಒಂದು ಅಂಕಿ ಬರುತ್ತೆ. ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ಪೂರ್ತಿ ನಿಂತಿತು ಅಥವಾ ಅರ್ಧಂಬರ್ಧ ಆಯಿತು ಅನ್ನೋ ಲೆಕ್ಕ. ಒಂದೊಂದು ಸಲವೂ ಕನಿಷ್ಠ 10 ಸೆಕೆಂಡ್ ಇದ್ದರೆ ಮಾತ್ರ ಎಣಿಕೆಗೆ ಬರುತ್ತೆ. 5ಕ್ಕಿಂತ ಕಡಿಮೆ ಇದ್ದರೆ ಸರಿ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು 38. ‘ನಾನೇನು ಅಷ್ಟು ದಪ್ಪ ಇಲ್ವಲ್ಲ ಮೇಡಂ’ ಅಂದೆ. ದಪ್ಪ ಇರೋರಿಗೆ ಜಾಸ್ತಿ ಬರುತ್ತೆ ನಿಜ, ಆದರೆ ದವಡೆ, ನಾಲಿಗೆ, ಕುತ್ತಿಗೆಯ ರಚನೆಯೂ ಕಾರಣವಾಗುತ್ತೆ, ಮನೆತನದಲ್ಲಿ ಬರೋದೂ ಉಂಟು ಅಂದರು ಡಾಕ್ಟ್ರು. ಎಳನೀರು ಕುಡಿಯುವಾಗ ಪೇಪರ್ ಸ್ಟ್ರಾ ಒದ್ದೆಯಾಗಿ ಅಂಟಿಕೊಳ್ಳುತ್ತಲ್ಲ, ನಾವು ಜೋರಾಗಿ ಎಳೆದಷ್ಟೂ ಚಪ್ಪಟೆಯಾಗುತ್ತೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾದಾಗ ನನಗೆ ಆಗುತ್ತಿದ್ದದ್ದು ಅದೇ. ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಿಂದ ಒಂದು ಕ್ಷಣ ಎಬ್ಬಿಸುತ್ತೆ, ಮತ್ತೆ ನಿದ್ದೆ, ಮತ್ತೆ ಎಬ್ಬಿಸುತ್ತೆ. ಬೆಳಿಗ್ಗೆ ನಮಗೆ ಒಂದೂ ನೆನಪಿರಲ್ಲ.

ಪರಿಹಾರ, ಸಿಪ್ಯಾಪ್ ಮೆಷಿನ್. ಟಿಫನ್ ಬಾಕ್ಸಿಗಿಂತ ಸ್ವಲ್ಪ ದೊಡ್ಡ ಡಬ್ಬ, ಅದರಿಂದ ಒಂದು ಪೈಪ್, ಪೈಪಿನ ತುದಿಗೆ ಮಾಸ್ಕ್. ಗಾಳಿಯನ್ನು ಒತ್ತಡದಲ್ಲಿ ಕಳಿಸಿ ಗಂಟಲಿನ ದಾರಿ ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ ಅದರ ಕೆಲಸ. ಬೆಲೆ ಕೇಳಿ ಹೌಹಾರಿ, ಮೊದಲು ಒಂದು ತಿಂಗಳು ಬಾಡಿಗೆಗೆ ತಂದು ಆಮೇಲೆ ಕೊಂಡೆ. ಬಾಡಿಗೆಗೆ ತಂದಿದ್ದು ಒಳ್ಳೆಯದೇ. ಆದರೆ ಆ ತಿಂಗಳಲ್ಲಿ ಎಂಟು ರಾತ್ರಿ ಮಾತ್ರ ಬಳಸಿ, ಮಿಕ್ಕಿದ್ದು ಅಭ್ಯಾಸ ಆಗುತ್ತೆ ಬಿಡು ಅಂತ ಕೊಂಡಿದ್ದು ನನ್ನ ಪೆದ್ದುತನ.

ಆ ಎಂಟು ರಾತ್ರಿ ಹೇಗಿತ್ತು ಅಂತ ಹೇಳುತ್ತೇನೆ. ಮೂಗು, ಬಾಯಿ ಎರಡೂ ಮುಚ್ಚುವ ದೊಡ್ಡ ಮಾಸ್ಕ್. ಕನ್ನಡಿಯಲ್ಲಿ ನೋಡಿಕೊಂಡರೆ ಸೊಂಡಿಲು ಬಂದ ಹಾಗಿತ್ತು. ಹೆಂಡತಿ ‘ಗಣಪ’ ಅಂದಳು, ತಮಾಷೆಗೇ. ನನಗೆ ಚುಚ್ಚಿತು. 30 ವರ್ಷಕ್ಕೆ ಐಸಿಯು ರೋಗಿಯ ಹಾಗೆ ಕಾಣುತ್ತಿದ್ದೇನಲ್ಲ ಅಂತ. ಉಸಿರು ಬಿಡೋಕೆ ಹೋದರೆ ಎದುರಿಂದ ಗಾಳಿ ತಳ್ಳುತ್ತೆ, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ ಹಾಗೆ. ಪಕ್ಕದಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತೆ. ಸೋರುತ್ತೆ ಅಂತ ಪಟ್ಟಿ ಬಿಗಿ ಮಾಡಿದರೆ ಮೂಗಿನ ಮೇಲೆ ಕೆಂಪು ಬರೆ. ಬೆಳಿಗ್ಗೆ ಮೀಟಿಂಗಲ್ಲಿ ಒಬ್ಬ ‘ಏನು ಗುರೂ, ಮನೇಲಿ ಜಗಳಾನಾ?’ ಅಂದ. ಎಂಟನೇ ರಾತ್ರಿ ಒಂದೂವರೆಗೆ ಯಾರೋ ಮುಖಕ್ಕೆ ದಿಂಬು ಒತ್ತಿದ ಹಾಗೆ ಅನ್ನಿಸಿ ಕಿತ್ತೆಸೆದೆ. ತಿಂಗಳ ಕೊನೆಗೆ ಕೊಂಡ ಹೊಸ ಮೆಷಿನ್ ಮೂರು ದಿನ ಮಂಚದ ಪಕ್ಕ ಇತ್ತು. ನಾಲ್ಕನೇ ದಿನ ಅಟ್ಟ ಸೇರಿತು, ಹಳೇ ಮಿಕ್ಸಿ, ಗೌರಿ ಹಬ್ಬದ ಮಂಟಪದ ಪಕ್ಕ. ಡಾಕ್ಟ್ರ ಫಾಲೋಅಪ್‌ಗೂ ಹೋಗಲಿಲ್ಲ. ಕಾರು ಓಡಿಸೋದು ಬಿಟ್ಟೆ, ಕ್ಯಾಬ್ ಹಿಡಿದೆ. ಸಮಸ್ಯೆ ಬಗೆಹರಿಯಿತು ಅಂತ ನನ್ನ ಲೆಕ್ಕ.

ಅದನ್ನು ಕೆಳಗೆ ಇಳಿಸಿದ್ದು ಸೀಮಂತ ಆದ ರಾತ್ರಿ. ನೆಂಟರೆಲ್ಲ ಹೋಗಿದ್ದರು. ಅವಳು ಕೈತುಂಬಾ ಹಸಿರು ಬಳೆ ಹಾಕಿಕೊಂಡು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ‘ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ಇನ್ನೆರಡು ತಿಂಗಳಿಗೆ ಮಗು ಬರುತ್ತೆ. ರಾತ್ರಿ ಅದು ಅತ್ತರೆ ನಿನಗೆ ಕೇಳಿಸಲ್ಲ. ನಿನ್ನ ಉಸಿರು ನಿಂತರೆ ನನಗೆ ಕೇಳಿಸುತ್ತೆ. ಎರಡನ್ನೂ ನಾನೇ ಕಾಯ್ಬೇಕಾ?’

ನಾನು ಸ್ಟೂಲ್ ತಂದು ಅಟ್ಟ ಹತ್ತಿದೆ.

ಇಲ್ಲಿಂದ ಮುಂದೆ ಬರೆಯೋದು, ನಿಮ್ಮಲ್ಲಿ ಯಾರದಾದರೂ ಮೆಷಿನ್ ಅಟ್ಟದಲ್ಲೋ ವಾರ್ಡ್‌ರೋಬಿನ ಮೇಲೋ ಇದ್ದರೆ ಅಂತ. ನಾನು ಡಾಕ್ಟರ್ ಅಲ್ಲ. ಬಗ್ ಹುಡುಕೋದು ನನ್ನ ಕಸುಬು. ಮೊದಲ ಸಲ ನಾನು ಸೋತಿದ್ದು ಎಲ್ಲಾ ತೊಂದರೆಗಳನ್ನೂ ಒಟ್ಟು ಗಂಟು ಕಟ್ಟಿ ‘ಇದು ನನಗೆ ಆಗಲ್ಲ’ ಅಂತ ಹೆಸರಿಟ್ಟಿದ್ದಕ್ಕೆ. ಆಫೀಸಲ್ಲಿ ಯಾರಾದರೂ ‘ಆ್ಯಪ್ ಕೆಲಸ ಮಾಡ್ತಿಲ್ಲ’ ಅಂತಷ್ಟೇ ಬರೆದು ಟಿಕೆಟ್ ಹಾಕಿದರೆ ನನಗೆ ಮೈ ಉರಿಯುತ್ತೆ. ಯಾವ ಸ್ಕ್ರೀನ್, ಯಾವ ಬಟನ್, ಏನಾಯ್ತು ಅಂತ ಹೇಳಬೇಡವಾ? ನಾನೂ ಅದೇ ಥರದ ಟಿಕೆಟ್ ಹಾಕಿದ್ದೆ. ಈ ಸಲ ಮೊಬೈಲಲ್ಲಿ ಒಂದು ನೋಟ್ ತೆರೆದೆ. ಪ್ರತಿ ಬೆಳಿಗ್ಗೆ ಒಂದು ಸಾಲು: ಎಷ್ಟು ಹೊತ್ತು ಹಾಕಿದ್ದೆ, ಯಾಕೆ ತೆಗೆದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಮೂರು ರಾತ್ರಿ ಟೈಮ್.

ಮೊದಲು ಮಾಸ್ಕ್, ಯಾಕೆಂದರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಅಲ್ಲೇ ಇತ್ತು. ಅಂಗಡಿಯಲ್ಲಿ ಮೊದಲ ಸಲ ನನಗೆ ಕುರ್ಚಿ ಮೇಲೆ ಕೂರಿಸಿ, ಮೆಷಿನ್ ಹಾಕದೆ ಮಾಸ್ಕ್ ಅಳತೆ ನೋಡಿದ್ದರು. ಮಲಗಿದಾಗ ಕೆನ್ನೆ, ದವಡೆ ಎಲ್ಲ ಜಾರಿ ಮುಖದ ಆಕಾರವೇ ಬೇರೆಯಾಗುತ್ತೆ. ಗಾಳಿ ತುಂಬಿದಾಗ ಮಾಸ್ಕಿನ ರಬ್ಬರ್ ಕುಶನ್ ಉಬ್ಬಿ ಚರ್ಮದ ಮೇಲೆ ಕೂರಬೇಕು, ನಾವು ಬಿಗಿದು ಒತ್ತಬಾರದು. ಎರಡನೇ ಸಲ ಬೇರೆ ಕಡೆ ಹೋದೆ. ಅಲ್ಲಿದ್ದ ಹುಡುಗ ಬೆಡ್ ಮೇಲೆ ಮಲಗಿಸಿ, ಮೆಷಿನ್ ಆನ್ ಮಾಡಿ, ಪಟ್ಟಿ ಎಲ್ಲ ಪೂರ್ತಿ ಸಡಿಲ ಮಾಡಿ, ಆಮೇಲೆ ಎರಡೂ ಕಡೆ ಸಮವಾಗಿ ಸ್ವಲ್ಪ ಸ್ವಲ್ಪ ಎಳೆದ. ಸೋರೋದು ನಿಂತ ತಕ್ಷಣ ಕೈ ಬಿಟ್ಟ. ‘ಪಟ್ಟಿ ಕೆಳಗೆ ಎರಡು ಬೆರಳು ಆಡಬೇಕು ಸರ್’ ಅಂದ. ನಾನು ಅಷ್ಟು ದಿನ ಗೋಣಿಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟಿಕೊಳ್ಳುತ್ತಿದ್ದೆ.

ಅವನೇ ಬೇರೆ ಥರದ ಮಾಸ್ಕುಗಳನ್ನೂ ತೋರಿಸಿದ. ಮೂಗನ್ನಷ್ಟೇ ಮುಚ್ಚೋದು ಒಂದು. ಮೂಗಿನ ಹೊಳ್ಳೆಗೆ ಎರಡು ಮೆತ್ತನೆ ದಿಂಬಿನಂಥ ತುದಿ ತಾಗಿಸಿಕೊಳ್ಳೋದು ಇನ್ನೊಂದು, ಅದಕ್ಕೆ ಪಿಲ್ಲೋ ಅಂತಾರೆ. ಮುಖ ಮುಚ್ಚಿದರೆ ಉಸಿರುಗಟ್ಟುವ ನನ್ನಂಥವರಿಗೆ ಆ ಪಿಲ್ಲೋ ವರವಾಯಿತು. ಕಣ್ಣ ಮುಂದೆ ಏನೂ ಇಲ್ಲ, ಕನ್ನಡಕ ಹಾಕಿಕೊಂಡು ಮೊಬೈಲ್ ನೋಡಬಹುದು. ಇದೇ ಎಲ್ಲರಿಗೂ ಒಳ್ಳೆಯದು ಅಂತಲ್ಲ. ನಿದ್ದೆಯಲ್ಲಿ ಬಾಯಲ್ಲಿ ಉಸಿರಾಡುವವರಿಗೆ ದೊಡ್ಡ ಮಾಸ್ಕೇ ಬೇಕಾಗಬಹುದು. ಮುಖಕ್ಕೆ ಯಾವುದು ಹೊಂದುತ್ತೋ ಅದು. ಹವಾಯಿ ಚಪ್ಪಲಿ ಕೊಳ್ಳುವಾಗಲೂ ನಾಲ್ಕು ಹಾಕಿ ನೋಡುತ್ತೇವೆ, ರಾತ್ರಿಯಿಡೀ ಮುಖದ ಮೇಲಿರೋ ವಸ್ತುವನ್ನು ಒಂದೇ ಸಲಕ್ಕೆ ಒಪ್ಪಿಕೊಂಡು ಬಂದಿದ್ದೆ ನೋಡಿ.

ಆ ಹುಡುಗ ಇನ್ನೊಂದು ಉಪಾಯ ಹೇಳಿಕೊಟ್ಟ: ರಾತ್ರಿ ಬಿಡಿ, ಮೊದಲು ಹಗಲು ಹಾಕಿಕೊಳ್ಳಿ. ಎಚ್ಚರವಾಗಿದ್ದಾಗ, ಟಿವಿ ನೋಡ್ತಾ, ಅರ್ಧ ಗಂಟೆ. ಮೊದಲು ಬರೀ ಮಾಸ್ಕ್, ಮಾರನೇ ದಿನ ಗಾಳಿ ಸಮೇತ. ನವೆಂಬರ್ 19, ಭಾನುವಾರ, ಅಹಮದಾಬಾದಲ್ಲಿ ವಿಶ್ವಕಪ್ ಫೈನಲ್. ನಾನು ಸೋಫಾ ಮೇಲೆ ಸೊಂಡಿಲು ಸಮೇತ ಹಾಜರು. ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ತೆರೆದರೆ ಮೂಗಿಂದ ಹೋದ ಗಾಳಿ ಬಾಯಿಂದ ಬುಸ್ ಅಂತ ಹೊರಗೆ ಬರುತ್ತೆ, ಮಾತು ಹೊರಡಲ್ಲ. ಟ್ರಾವಿಸ್ ಹೆಡ್ ಹೊಡೀತಾ ಇದ್ದಾನೆ, ನನಗೆ ಬೈಯೋಕೂ ಆಗ್ತಿಲ್ಲ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮ್ಯಾಚ್ ಸೋತೆವು. ಆದರೆ ಸುಮಾರು ಎರಡು ಗಂಟೆ ನಾನು ಮಾಸ್ಕ್ ಹಾಕಿದ್ದೇನೆ ಅನ್ನೋದನ್ನೇ ಮರೆತಿದ್ದೆ. ಮುಖಕ್ಕೆ ದಿಂಬು ಒತ್ತಿದ ಹಾಗೆ ಆಗುವ ಗಾಬರಿ ಅದಾದ ಮೇಲೆ ಒಂದೆರಡು ಸಲ ಮಾತ್ರ ಬಂತು.

ಎರಡನೆಯದು ಗಾಳಿಯ ಒತ್ತಡ. ಇದರಲ್ಲಿ ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಎಂಜಿನಿಯರ್ ಬುದ್ಧಿ, ಡಾಕ್ಟ್ರಿಗೆ ಅಂತ ಇರೋ ಸೆಟ್ಟಿಂಗ್ ಮೆನು ಹೇಗೆ ತೆರೆಯೋದು ಅಂತ ಹುಡುಕಿ ಒಳಗೆ ನುಗ್ಗಿದೆ. ಇಂಥ ಮೆಷಿನ್‌ಗಳ ಒತ್ತಡ ಸಾಮಾನ್ಯವಾಗಿ 4ರಿಂದ 20ರವರೆಗೆ ಇರುತ್ತೆ. ನನಗೆ ಹಾಕಿಕೊಟ್ಟಿದ್ದನ್ನು ನಾನೇ ಇಳಿಸಿಕೊಂಡೆ. ಆಹಾ, ಎಷ್ಟು ಹಿತ! ಹಿತವಾಗಿ ಗೊರಕೆ ಹೊಡೆದೆ. ಎರಡೇ ದಿನಕ್ಕೆ ಮೆಷಿನ್ ತೋರಿಸೋ ಎಎಚ್‌ಐ 20ಕ್ಕೆ ಹಾರಿತು. ನಾಚಿಕೆ ಬಿಟ್ಟು ಡಾಕ್ಟ್ರ ಹತ್ತಿರ ಹೋದೆ, ಚೆನ್ನಾಗಿ ಉಗಿಸಿಕೊಂಡೆ. ಅವರು ಒತ್ತಡ ವಾಪಸ್ ಹಾಕಿ, ನನಗೆ ಬೇಕಾಗಿದ್ದ ಹಿತವನ್ನು ಬೇರೆ ದಾರೀಲಿ ಕೊಟ್ಟರು. ರ‍್ಯಾಂಪ್ ಅಂತ ಒಂದಿದೆ, ಅದನ್ನು ಹಾಕಿದರೆ ಗಾಳಿ ಮೊದಲು ಕಡಿಮೆ ಇದ್ದು, ನಾವು ನಿದ್ದೆಗೆ ಜಾರುವ ಹೊತ್ತಿಗೆ ನಿಧಾನಕ್ಕೆ ಏರುತ್ತೆ. ಉಸಿರು ಬಿಡುವಾಗ ಮಾತ್ರ ಒತ್ತಡ ಸ್ವಲ್ಪ ಇಳಿಸುವ ಸೆಟ್ಟಿಂಗ್ ಇನ್ನೊಂದು. ಅದನ್ನು ಹಾಕಿದ ಮೇಲೆ ಬಸ್ ಕಿಟಕಿಯ ಗಾಳಿ ಮುಗಿಯಿತು. ಇವೆರಡೂ ನನ್ನ ಮೆಷಿನ್‌ನಲ್ಲಿ ಮೊದಲ ದಿನದಿಂದಲೂ ಇದ್ದವು. ಫಾಲೋಅಪ್‌ಗೆ ಹೋಗಿದ್ದರೆ ಸೆಪ್ಟೆಂಬರಲ್ಲೇ ಗೊತ್ತಾಗುತ್ತಿತ್ತು.

ಹೊಟ್ಟೆ ಉಬ್ಬರದ ಕತೆ ಚಿಕ್ಕದು. ಬೆಳಿಗ್ಗೆ ಎದ್ದರೆ ಬಲೂನಿನ ಹಾಗೆ ಹೊಟ್ಟೆ, ಸಾಲುಸಾಲು ತೇಗು. ಬಾಣಂತನಕ್ಕೆ ಮುಂಚೆಯೇ ಸಹಾಯಕ್ಕೆ ಅಂತ ಬಂದಿದ್ದ ಅಮ್ಮ ‘ಗ್ಯಾಸು’ ಅಂತ ತೀರ್ಮಾನ ಮಾಡಿ ಓಂಕಾಳಿನ ಕಷಾಯ ಕೊಟ್ಟಳು. ಗ್ಯಾಸ್ ಹೌದು, ಆದರೆ ಮೆಷಿನ್ನಿನ ಗ್ಯಾಸು. ನಿದ್ದೆಯಲ್ಲಿ ಗಾಳಿ ನುಂಗುತ್ತಿದ್ದೆ. ಅಂಗಾತ ಮಲಗೋದು ಬಿಟ್ಟು ಮಗ್ಗುಲಾಗಿ ಮಲಗಿದೆ, ಡಾಕ್ಟ್ರು ಗರಿಷ್ಠ ಒತ್ತಡವನ್ನು ಸ್ವಲ್ಪ ತಿದ್ದಿದರು, ಬಹುಪಾಲು ಹೋಯಿತು. ಕಷಾಯವೂ ಕೆಲಸ ಮಾಡಿತು ಅಂತ ಅಮ್ಮನ ವಾದ.

ಆಮೇಲೆ ನೀರು. ಒಣ ಗಾಳಿ ಮೂಗಿಗೆ ಹೋಗಿ ಹೋಗಿ ಮೂಗು ಕಟ್ಟುತ್ತೆ, ಮೂಗು ಕಟ್ಟಿದರೆ ಬಾಯಿ ತೆರೆಯುತ್ತೆ, ಬಾಯಿ ತೆರೆದರೆ ಬೆಳಿಗ್ಗೆ ನಾಲಿಗೆ ಒಣ ಸೌದೆ. ಅದಕ್ಕೇ ಮೆಷಿನ್‌ಗೆ ಹ್ಯುಮಿಡಿಫೈಯರ್ ಅಂತ ಒಂದು ನೀರಿನ ತೊಟ್ಟಿ ಇರುತ್ತೆ, ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಕೊಡುತ್ತೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗೀಸರನ್ನೇ ಬಿಡಲ್ಲ, ಎರಡು ದಿನ ಹಾಕಿದ್ದಕ್ಕೇ ತೊಟ್ಟಿಯ ತಳದಲ್ಲಿ ಬಿಳಿ ಉಪ್ಪು ಕಟ್ಟಿತು. ಬ್ಯಾಟರಿ ಅಂಗಡಿಗೆ ಹೋಗಿ ಡಿಸ್ಟಿಲ್ಡ್ ವಾಟರ್ ಕೇಳಿದೆ. ‘ಇನ್ವರ್ಟರ್‌ಗಾ, ಕಾರ್‌ಗಾ?’ ಅಂದ. ‘ಮೂಗಿಗೆ’ ಅಂದೆ. ಅವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ‘ಮೆಡಿಕಲ್‌ನಲ್ಲಿ ಕೇಳಿ ಸಾರ್, ಇದು ಬೇಡ’ ಅಂದ. ಪುಣ್ಯಾತ್ಮ. ಮಲಗೋ ಮುಂಚೆ ಡಾಕ್ಟ್ರು ಬರೆದುಕೊಟ್ಟ ಉಪ್ಪುನೀರಿನ ದ್ರಾವಣದಲ್ಲಿ ಮೂಗು ತೊಳೆಯೋದನ್ನೂ ರೂಢಿ ಮಾಡಿಕೊಂಡೆ. ಮೂಗು ಬಿಚ್ಚಿಕೊಂಡ ಮೇಲೆ ಬಾಯಿ ತಾನಾಗಿ ಮುಚ್ಚಿತು. ಗಲ್ಲಕ್ಕೆ ಕಟ್ಟುವ ಪಟ್ಟಿ ಕೊಂಡಿದ್ದೆ, ಅದರ ಅಗತ್ಯವೇ ಬೀಳಲಿಲ್ಲ.

ಡಿಸೆಂಬರ್ ಚಳಿ ಶುರುವಾದಾಗ ಹೊಸ ತಮಾಷೆ. ರಾತ್ರಿ ಮೂರಕ್ಕೆ ಪೈಪಿನೊಳಗೆ ಗುಳುಗುಳು ಸದ್ದು, ಎಚ್ಚರವಾಗಿ ಮಗ್ಗುಲಾದರೆ ಮೂಗಿಗೆ ತಣ್ಣೀರು ಅಭಿಷೇಕ. ತೇವದ ಬೆಚ್ಚನೆ ಗಾಳಿ ತಣ್ಣಗಿರೋ ಪೈಪಲ್ಲಿ ಬರುವಾಗ ನೀರಾಗಿ ಬಿಡುತ್ತೆ. ಪಾತ್ರೆ ಮುಚ್ಚಳದ ಒಳಗೆ ಹನಿ ಕಟ್ಟುತ್ತಲ್ಲ, ಅದೇ. ಒಳಗೇ ಬಿಸಿಯಾಗುವ ಪೈಪ್ ಸಿಗುತ್ತೆ, ದುಡ್ಡು ಜಾಸ್ತಿ. ನಾನು ಮೆಷಿನ್ನನ್ನು ಮಂಚಕ್ಕಿಂತ ಕೆಳಗೆ, ಒಂದು ಗಿಡ್ಡ ಸ್ಟೂಲ್ ಮೇಲೆ ಇಟ್ಟೆ, ನೀರಾದರೂ ಮೂಗಿನ ಕಡೆ ಬರದೆ ವಾಪಸ್ ಇಳಿಯಲಿ ಅಂತ. ಪೈಪಿಗೆ ಹೊದಿಕೆ ಹಾಕಿದರೆ ಒಳ್ಳೆಯದು ಅಂತ ಓದಿದ್ದನ್ನು ಅಮ್ಮನಿಗೆ ಹೇಳಿದೆ. ಅವಳು ಬ್ಯಾಗಿಂದ ಅಪ್ಪನ ಹಳೇ ಉಲ್ಲನ್ ಮಫ್ಲರ್ ತೆಗೆದು, ಅರ್ಧ ಕತ್ತರಿಸಿ, ಮಧ್ಯಾಹ್ನ ಕೂತು ಉದ್ದನೆ ಚೀಲ ಹೊಲಿದು ಪೈಪಿಗೆ ತೊಡಿಸಿದಳು. ಬೂದು ಬಣ್ಣ, ಅಂಚಲ್ಲಿ ಕೆಂಪು ಗೆರೆ. ಗುಳುಗುಳು ನಿಂತಿತು. ಸೊಂಡಿಲಿಗೆ ಸ್ವೆಟರ್ ಬಂತು ಅಂದಳು ಹೆಂಡತಿ.

ಕರೆಂಟ್ ವಿಷಯ ನೆನಪಿರಲಿ. ಮನೇಲಿ ಇನ್ವರ್ಟರ್ ಇದ್ದರೂ ಬೆಡ್‌ರೂಮಿನ ಪ್ಲಗ್ ಪಾಯಿಂಟಿಗೆ ಆ ಲೈನ್ ಇರಲಿಲ್ಲ, ಫ್ಯಾನು ಲೈಟಿಗೆ ಮಾತ್ರ. ಎಲೆಕ್ಟ್ರಿಷಿಯನ್ ಕರೆಸಿ ಒಂದು ಲೈನ್ ಎಳೆಸಿದೆ. ಬ್ಯಾಟರಿ ಮೇಲೆ ಓಡುವಾಗ ನೀರು ಬಿಸಿ ಮಾಡೋದನ್ನು ಆಫ್ ಮಾಡಿದರೆ ಜಾಸ್ತಿ ಹೊತ್ತು ಬರುತ್ತೆ. ಕುಶನ್ ದಿನಾ ಬೆಳಿಗ್ಗೆ ಮೃದು ಸೋಪಲ್ಲಿ ತೊಳೆಯೋದು ಕಿರಿಕಿರಿ ಅನ್ನಿಸಿದರೂ ತಪ್ಪಿಸಬೇಡಿ, ಮುಖದ ಎಣ್ಣೆ ಜಿಡ್ಡು ಕೂತರೆ ರಾತ್ರಿ ಮತ್ತೆ ಸೋರುತ್ತೆ.

ಇಷ್ಟೆಲ್ಲ ಗೊಣಗುವಾಗ ಒಂದು ವಿಷಯ ಓದಿ ಸ್ವಲ್ಪ ತೆಪ್ಪಗಾದೆ. ಈ ಚಿಕಿತ್ಸೆ ಕಂಡುಹಿಡಿದವರು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನೋ ಡಾಕ್ಟರ್, ಸಿಡ್ನಿಯಲ್ಲಿ. 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಐದು ರೋಗಿಗಳ ಬಗ್ಗೆ ಬರೆದರು. ಆರಂಭದ ದಿನಗಳಲ್ಲಿ ಗಾಳಿ ಊದೋಕೆ ವ್ಯಾಕ್ಯೂಮ್ ಕ್ಲೀನರ್‌ನ ಮೋಟರ್ ಬಳಸಿದ್ದರು, ಮಾಸ್ಕನ್ನು ಮೂಗಿಗೆ ಅಂಟು ಹಾಕಿ ಅಂಟಿಸುತ್ತಿದ್ದರು. ಆ ಸದ್ದಲ್ಲಿ, ಮೂಗಿಗೆ ಅಂಟು ಮೆತ್ತಿಕೊಂಡು, ಜನ ನಿದ್ದೆ ಮಾಡಿದರು ಅಂದರೆ ಅವರು ಎಷ್ಟು ವರ್ಷದಿಂದ ನಿದ್ದೆಗೆ ಹಸಿದಿರಬೇಕು. ವಿಶ್ವಕಪ್ಪಿನ ಸಿಟ್ಟು ಆಸ್ಟ್ರೇಲಿಯಾದವರ ಮೇಲೆ ಅಂದಿಗೆ ಅರ್ಧ ಇಳಿಯಿತು.

ಸರಿಹೋಯಿತಾ ಅಂದರೆ, ಒಂದೇ ರಾತ್ರೀಲಿ ಏನೂ ಆಗಲಿಲ್ಲ. ನೋಟಲ್ಲಿ ಹೀಗಿದೆ: ಎರಡು ಗಂಟೆ. ಮೂರು ಗಂಟೆ. ಒಂದು ಗಂಟೆ, ಮೂಗು ಕಟ್ಟಿತ್ತು. ನಾಲ್ಕೂವರೆ. ಡಿಸೆಂಬರ್ ಎರಡನೇ ವಾರದಲ್ಲಿ ಒಂದು ದಿನ ಅಲಾರಂಗಿಂತ ಮುಂಚೆ ಎಚ್ಚರವಾಯಿತು. ಏನೋ ಕಮ್ಮಿಯಾಗಿದೆ ಅನ್ನಿಸಿ ಸುಮ್ಮನೆ ಮಲಗಿದ್ದೆ. ತಲೆನೋವು ಇರಲಿಲ್ಲ. ಹೆಂಡತಿ ಪಕ್ಕದಲ್ಲೇ ಮಲಗಿದ್ದಳು, ಹಾಲ್‌ನಲ್ಲಲ್ಲ. ಮೆಷಿನ್ ಪರದೆ ಮೇಲೆ ಎಎಚ್‌ಐ 3 ಅಂತಿತ್ತು. ಈಗಲೂ ವಾರಕ್ಕೆ ಒಂದು ರಾತ್ರಿ ನಿದ್ದೆಗಣ್ಣಲ್ಲಿ ನಾನೇ ಕಿತ್ತು ದಿಂಬಿನ ಕೆಳಗೆ ಇಟ್ಟಿರುತ್ತೇನೆ. ಟೀಮ್ ಔಟಿಂಗ್‌ಗೆ ಹೋದಾಗ ರೂಮಲ್ಲಿ ಜೊತೆಗಿದ್ದವನಿಗೆ ಮೊದಲೇ ಹೇಳಿಬಿಟ್ಟೆ. ಅವನು ಹತ್ತು ನಿಮಿಷ ನೋಡಿ, ‘ನಮ್ಮ ಮಾವನಿಗೂ ಇದೇ ಥರ ಗೊರಕೆ, ಇದು ಎಲ್ಲಿ ಸಿಗುತ್ತೆ?’ ಅಂದ.

ಜನವರಿ ಕೊನೆಗೆ ಮಗಳು ಹುಟ್ಟಿದಳು. ರಾತ್ರಿ ಅವಳು ಅತ್ತರೆ ನನಗೆ ಕೇಳಿಸುತ್ತೆ. ಕೇಳಿಸಿ ಏನು ಮಾಡ್ತೀನಿ ಅನ್ನೋದು ಬೇರೆ ಮಾತು, ಆದರೆ ಎದ್ದಂತೂ ಕೂರುತ್ತೇನೆ.

ಅಪ್ಪ ಮೊಮ್ಮಗಳನ್ನು ನೋಡೋಕೆ ಬಂದರು. ಮಧ್ಯಾಹ್ನ ಸೋಫಾ ಮೇಲೆ ಕೂತಲ್ಲೇ ನಿದ್ದೆ ಹೋದರು. ಅದೇ ಹೆಡ್‌ಮಾಸ್ಟರ್ ಗೊರಕೆ. ಈ ಸಲ ನಾನು ನಗದೆ ಕೂತು ಕೇಳಿದೆ. ಏರಿತು, ಏರಿತು, ನಿಂತಿತು. ನಾನು ಮನಸ್ಸಲ್ಲೇ ಎಣಿಸಿದೆ. 22. ಅಪ್ಪನಿಗೆ ಬಹಳ ವರ್ಷದಿಂದ ಬಿಪಿ ಮಾತ್ರೆ ಇದೆ. ಬಿಪಿಗೂ ಇದಕ್ಕೂ ನಂಟಿದೆ ಅಂತ ಡಾಕ್ಟ್ರು ನನಗೆ ಹೇಳಿದ್ದರು. ಎದ್ದ ಮೇಲೆ ಮಾತು ತೆಗೆದೆ. ‘ನಮ್ಮಪ್ಪ 84 ವರ್ಷ ಗೊರಕೆ ಹೊಡ್ಕೊಂಡೇ ಬದುಕಿದ್ರು ಕಣಯ್ಯ’ ಅಂದರು. 2022ರಲ್ಲಿ ಬಪ್ಪಿ ಲಹಿರಿ ತೀರಿಕೊಂಡಾಗ ಡಾಕ್ಟರುಗಳು ಇದೇ ಕಾಯಿಲೆ ಹೆಸರು ಹೇಳಿದ್ದು ನೆನಪಿಸಿದೆ. ‘ಆತ ಅಷ್ಟೊಂದು ಬಂಗಾರ ಕುತ್ತಿಗೆಗೆ ಹಾಕ್ಕೊಂಡ್ರೆ ಇನ್ನೇನಾಗುತ್ತೆ’ ಅಂದುಬಿಟ್ಟರು.

ಅಡುಗೆ ಮನೆ ಬಾಗಿಲಲ್ಲಿ ನಿಂತು ಅವರೆಕಾಯಿ ಸುಲೀತಿದ್ದ ಅಮ್ಮ, ತಲೆ ಎತ್ತದೆ ಹೇಳಿದಳು: ‘ಮದುವೆ ಆದಾಗಿಂದ ನೋಡ್ತಿದೀನಿ. ಸದ್ದು ಇದ್ರೆ ನಿದ್ದೆ ಬರುತ್ತೆ. ಸದ್ದು ನಿಂತ್ರೆ ಎಚ್ಚರ ಆಗುತ್ತೆ. ಎದೆ ಮೇಲೆ ಕೈ ಇಟ್ಟು ನೋಡಿ, ಒಂದು ಸಲ ಅಲ್ಲಾಡಿಸಿ, ಉಸಿರು ಬಂದ್ಮೇಲೆ ಮಲಗೋದು. ಎಲ್ಲರ ಮನೇಲೂ ಹೀಗೇ ಅಂದ್ಕೊಂಡಿದ್ದೆ.’

ಅಪ್ಪ ಟಿವಿ ರಿಮೋಟ್ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ‘ಬೆರಳಿಗೆ ಕ್ಲಿಪ್ ಹಾಕೋದು ಅಂದ್ಯಲ್ಲ, ಅದು ಎಷ್ಟೊತ್ತು?’ ಅಂದರು.

ಅವರ ಅಂಕಿ ನನಗಿಂತ ಜಾಸ್ತಿ ಬಂತು. ಮಾಸ್ಕ್ ಹುಡುಕೋದೇ ದೊಡ್ಡ ಪ್ರಸಂಗವಾಯಿತು, ಯಾಕೆಂದರೆ ಅಪ್ಪನಿಗೆ ದಪ್ಪ ಮೀಸೆ, ಅದರ ಕೂದಲ ಸಂದಿಯಿಂದ ಗಾಳಿ ಸೋರುತ್ತೆ. ‘ಮೀಸೆ ತೆಗೀರಿ ಅಂದ್ರೆ ಗೊರಕೆಯೇ ಇರಲಿ’ ಅಂತ ಪಟ್ಟು. ಅಂಗಡಿ ಹುಡುಗ ತಾಳ್ಮೆಯಿಂದ ಮಲಗಿಸಿ ನಾಲ್ಕು ಮಾಸ್ಕ್ ಹಾಕಿ ನೋಡಿದ. ಕೊನೆಗೆ ಒಂದು ದೊಡ್ಡ ಮಾಸ್ಕ್ ಮೀಸೆ ಸಮೇತ ಒಳಗೆ ಸೇರಿಸಿಕೊಂಡು ಕೂತಿತು. ಅಂಚಿನ ಮೀಸೆಯನ್ನು ಒಂದಿಷ್ಟು ಕತ್ತರಿಸೋಕೆ ಒಪ್ಪಿಕೊಂಡರು. ಊರಿಗೆ ಹೋಗಿ ಒಂದು ವಾರ ಹಗಲು ಹಾಕಿಕೊಂಡು ನ್ಯೂಸ್ ನೋಡಿದರಂತೆ. ಕಾಫಿ ಬೇಕಾದರೆ ಕೈಸನ್ನೆ.

ಹೋದ ಭಾನುವಾರ ಅಮ್ಮ ಫೋನ್ ಮಾಡಿದಳು. ‘ನಿನ್ನೆ ನಿಮ್ಮಪ್ಪ ನಾಲ್ಕು ಗಂಟೆ ಹೊತ್ತು ಹಾಕ್ಕೊಂಡಿದ್ರು. ನನಗೇ ನಿದ್ದೆ ಬರ್ಲಿಲ್ಲ ಕಣೋ, ಸದ್ದೇ ಇಲ್ವಲ್ಲ. ಎರಡು ಸಲ ಎದ್ದು ಮುಟ್ಟಿ ನೋಡಿದೆ. ಬೆಚ್ಚಗಿದ್ರು, ಎದೆ ಏರಿಳೀತಿತ್ತು. ಆಮೇಲೆ ಮಲಗಿದೋಳು ಎದ್ದಾಗ ಹಾಲಿನೋನು ಕೂಗಿ ಹೋಗಿಬಿಟ್ಟಿದ್ದ.’ ಸ್ವಲ್ಪ ತಡೆದು ಮತ್ತೆ ಹೇಳಿದಳು: ‘ಆ ಪೈಪಿಗೆ ಇನ್ನೊಂದು ಚೀಲ ಹೊಲಿದೆ. ಮಫ್ಲರ್ ಅರ್ಧ ಉಳಿದಿತ್ತಲ್ಲ.’